ಪುಟ್ಟಿಯ ಕಾಲಿನ ಹುಣ್ಣು

ನಮ್ಮ ಮನೆಯ ಬೆಕ್ಕು ಪುಟ್ಟಿಗೆ 15 ವರುಷ ಪ್ರಾಯವಾಗಿರುವದು. ಕಳೆದ ಮಳೆಗಾಲದಲ್ಲಿ ಅದು ಮುಂದಿನ ಎಡಗಾಲನ್ನು ನೆಲಕ್ಕೂರದೆ ಮೂರೇ ಕಾಲಿನಲ್ಲಿ ನಡೆಯತೊಡಗಿತು. ಮುಳ್ಳು ಚುಚ್ಚಿರಬೇಕೆಂದು ಮನೆಯವರು ಅಂದುಕೊಂಡರು. ಮರುದಿನ ಅದು ಮೀನನ್ನೂ ಮುಟ್ಟಲಿಲ್ಲ. ಸದಾ ಕಾಲನ್ನು ನೆಕ್ಕುತ್ತಾ, ಹತ್ತಿರ ಹೋದವರಿಗೆ ಹಲ್ಲು ತೋರಿಸುತ್ತಿತ್ತು.

ನಮ್ಮ ಅತ್ತೆಯವರಿಗೆ ಪುಟ್ಟಿಯೆಂದರೆ ಪ್ರಾಣ. ಅವರು ತಮ್ಮ ಮಂಡಿನೋವಿನ ಪ್ಯಾರಸಿಟಮಾಲ್ ಮಾತ್ರೆಯನ್ನು ಹಾಲಿನಲ್ಲಿ ಅರೆದು ಕುಡಿಸಹೊರಟರು. “ಎಳೆಯ ಮಕ್ಕಳಿಗೇ ಕೊಡುತ್ತಾರಲ್ಲಾ!” ಎಂಬದು ಅವರ ವಾದವು. “ಬೇಡ ಅತ್ತೇ, ಮೊದಲು ಡಾಕ್ಟರರನ್ನು ಕೇಳೋಣ” ಎಂದು ನಾನು ಬಟ್ಟಲನ್ನು ತೆಗೆದಿಟ್ಟೆನು. ಮುನಿಸಿಕೊಂಡರೂ ನಮ್ಮೊಡನೆ ಹೊರಟರು.

ಪಶುವೈದ್ಯಶಾಲೆಯು ದನಕರುಗಳಿಗೆ ಮಾತ್ರವೆಂದು ಅನೇಕರು ಇಂದಿಗೂ ನಂಬಿರುವರು. ನಾವು ಬುಟ್ಟಿಯನ್ನು ಹೊತ್ತು ಹೋದಾಗ ಅಲ್ಲಿ ಒಂದು ಹೋರಿಯೂ ಎರಡು ಆಡುಗಳೂ ಕಾದಿದ್ದವು. ಪುಟ್ಟಿಯು ಬುಟ್ಟಿಯೊಳಗಿಂದಲೇ ಹೋರಿಯನ್ನು ಗದರಿಸಿತು.

ವೈದ್ಯರು ಒಬ್ಬ ತರುಣಿ. ಬೆಕ್ಕನ್ನು ಟವಲಿನಲ್ಲಿ ಸುತ್ತಿ, ನೊಂದ ಕಾಲನ್ನಷ್ಟೇ ಹೊರಗೆಳೆದು ನಮಗೆ ತೋರಿಸಿದರು. ಹೆಬ್ಬೆರಳಿನ ಉಗುರು ಕುಡುಗೋಲಿನಂತೆ ಬಾಗಿ ಬೆರಳಿನ ಮೆತ್ತೆಯೊಳಕ್ಕೆ ಹೊಕ್ಕಿತ್ತು, ಸುತ್ತಲೂ ಕೀವು. ಎಳೆಯ ಬೆಕ್ಕು ಮರವನ್ನು ಪರಚುವಾಗ ಉಗುರಿನ ಹಳೆಯ ಹೊರಪದರವು ಕಳಚಿ ಬೀಳುವದು. ಮುಪ್ಪಿನಲ್ಲಿ ಪರಚುವದು ಕಡಿಮೆಯಾಗಿ, ಉಗುರು ದಪ್ಪವಾಗಿ ಬಾಗುತ್ತಾ ಹೋಗುವದು. ಹೆಬ್ಬೆರಳಂತೂ ನಡೆಯುವಾಗ ನೆಲಕ್ಕೆ ತಾಗುವದೇ ಇಲ್ಲ, ಆದದರಿಂದ ಅದು ಸವೆಯುವದೂ ಇಲ್ಲ.

ಉಗುರನ್ನು ಕತ್ತರಿಸಿ, ಗಾಯವನ್ನು ಉಪ್ಪುನೀರಿನಿಂದ ತೊಳೆದು, ಸೂಜಿಮದ್ದು ಕೊಟ್ಟ ಬಳಿಕ ಅತ್ತೆಯವರು ಮಾತ್ರೆಯ ವಿಷಯವೆತ್ತಿದರು. ಆ ತರುಣಿಯ ಮುಖವೇ ಬದಲಾಯಿತು. ಬೆಕ್ಕು ಸಾಕಿರುವ ಸಹೋದರಿಯರು ಇದನ್ನು ಅವಶ್ಯವಾಗಿ ಗಮನಿಸಬೇಕು. ಮನುಷ್ಯರ ಪಿತ್ತಜನಕಾಂಗವು ಆ ಔಷಧವನ್ನು ಮಾರ್ಪಡಿಸಿ ಹೊರಹಾಕುವ ರೀತಿಯಲ್ಲಿ ಬೆಕ್ಕಿನದು ಹಾಕಲಾರದು. ಅದು ವಿಷವಾಗಿ ರಕ್ತಕ್ಕೆ ಪ್ರಾಣವಾಯುವನ್ನು ಹೊರುವ ಶಕ್ತಿಯೇ ಇಲ್ಲದಂತಾಗುವದು. ವಸಡು ಕಂದುಬಣ್ಣಕ್ಕೆ ತಿರುಗುವದು, ಮುಖ ಬಾತುಕೊಳ್ಳುವದು. 500 ಮಿಲಿಗ್ರಾಮಿನ ಒಂದೇ ಮಾತ್ರೆಯು ಬೆಕ್ಕನ್ನು ಕೊಲ್ಲಬಲ್ಲದು. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮನೆಯಲ್ಲಿ ಗಾಯ ತೊಳೆಯಲು ಬಳಸುವ, ನೀರಿಗೆ ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುವ ಔಷಧವನ್ನೂ ಬೆಕ್ಕಿಗೆ ಹಚ್ಚಲಾಗದಂತೆ. ಅದು ಕಾಲನ್ನು ನೆಕ್ಕಿ ವಿಷವನ್ನು ನುಂಗುವದು.

ನೆಕ್ಕದಂತೆ ಕೊರಳಿಗೊಂದು ಅಗಲವಾದ ಪಟ್ಟಿಯನ್ನು ಕಟ್ಟಿದರು. ಅದನ್ನು ತೊಟ್ಟ ಪುಟ್ಟಿಯು ಕಂಡಕಂಡ ಬಾಗಿಲುಗಳಿಗೆಲ್ಲ ಢಿಕ್ಕಿ ಹೊಡೆಯಿತು. ಹತ್ತನೆಯ ದಿನ ಕಾಲೂರಿತು.

ಈಗ ಉಗುರುಗಳ ತಪಾಸಣೆಯು ಅತ್ತೆಯವರದೇ. ತಿಂಗಳಿಗೆರಡಾವರ್ತಿ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಹದಿನೆಂಟನ್ನೂ ಎಣಿಸಿ ನೋಡುವರು. ತುದಿಯ ಬಿಳಿಭಾಗವನ್ನು ಮಾತ್ರ ಕತ್ತರಿಸುವರು. ಒಳಗಿನ ಕೆಂಪುಭಾಗದಲ್ಲಿ ರಕ್ತನಾಳವಿರುವದೆಂದು ನೆರೆಮನೆಯವರಿಗೂ ಅವರೇ ತಿಳಿಸುತ್ತಿರುವರು.