ಇರುಳಿನ ಅತಿಥಿಗೆ ಎರಡು ಕರೆ

ನಿಪ್ಪಾಣಿಯಿಂದ ಹೊರಟು ಚಿಕ್ಕೋಡಿ, ರಾಯಬಾಗಗಳನ್ನು ಹಾಯ್ದು, ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ ಕಾಗವಾಡ, ಅಥಣಿಗಳತ್ತ ಸಾಗುವ ಪ್ರವಾಸಿಗನ ಕಣ್ಣಿಗೆ ನೆಲವು ಹರದಾರಿಗೊಂದು ಉಡುಗೆಯುಟ್ಟಂತೆ ತೋರುತ್ತದೆ. ಮೊದಲು ಬೀಡಿಯ ತಂಬಾಕು; ಬಳಿಕ ಹೊಳೆಯ ನೀರುಂಡ ಕಬ್ಬು; ಆಚೆಯ ಒಣನೆಲದಲ್ಲಿ ದ್ರಾಕ್ಷಿಯ ಚಪ್ಪರ, ದಾಳಿಂಬೆಯ ಸಾಲು. ಬೆಳೆ ಬೇರೆಯಾದರೂ ರೈತನ ನಿದ್ದೆಗೆಡಿಸುವ ಅತಿಥಿಯೊಂದು ಎಲ್ಲೆಡೆಗೂ ಕತ್ತಲಲ್ಲಿಯೇ ಬರುತ್ತದೆ. ಅದೇ ಪತಂಗ.

ಸಂಜೆ ಕೆಂಪಾಗಿ ಹೊಳೆಯುತ್ತಿದ್ದ ದಾಳಿಂಬೆಯಲ್ಲಿ ಬೆಳಗಾಗುವಷ್ಟರಲ್ಲಿ ಸೂಜಿಮೊನೆಯಷ್ಟು ತೂತು. ಕೆಲವೇ ದಿನಗಳಲ್ಲಿ ಒಳಗೆ ಕೊಳೆತು ಹಣ್ಣು ನೆಲಕ್ಕುರುಳುತ್ತದೆ. ಅದರೊಡನೆ ರೈತನ ವರ್ಷದ ಲೆಕ್ಕವೂ. ಇದು ಹುಳುವಿನ ಕೆಲಸವಲ್ಲ. ಕಿತ್ತಳೆ ಬಣ್ಣದ ಹಿಂರೆಕ್ಕೆಯ ದೊಡ್ಡ ಪತಂಗವೊಂದು ಗಟ್ಟಿ ಸೊಂಡಿಲಿನಿಂದ ಸಿಪ್ಪೆಯನ್ನು ಚುಚ್ಚಿ ರಸ ಹೀರುತ್ತದೆ. ಅದರ ಮರಿಗಳು ಬೆಳೆಯುವುದು ತೋಟದ ಗಿಡಗಳ ಮೇಲಲ್ಲ, ಬೇಲಿಯ ಅಮೃತಬಳ್ಳಿಯ ಮೇಲೆ. ಅಜ್ಜಿಯ ಮನೆಮದ್ದಿನ ಬಳ್ಳಿಯೇ ವೈರಿಯ ತೊಟ್ಟಿಲು!

ಪತಂಗಕ್ಕೆ ದೀಪದ ಮರುಳು ಎಲ್ಲರಿಗೂ ತಿಳಿದದ್ದೇ. ಉರಿಯುವ ದೀಪ, ಅದರ ಕೆಳಗೆ ನೀರಿನ ಬೋಗುಣಿ. ಇಷ್ಟೇ ದೀಪದ ಬಲೆ. ಆದರೆ ದೀಪವು ಕರೆಯುವಾಗ ಹೆಸರು ಕೇಳುವುದಿಲ್ಲ. ಬೆಳೆಯ ಹೇನನ್ನು ತಿಂದು ಉಪಕರಿಸುವ ಜಾಲರೆಕ್ಕೆಯ ಕೀಟವೂ ಅದೇ ನೀರಿಗೆ ಬೀಳುತ್ತದೆ. ಆದುದರಿಂದ ಅದನ್ನು ಇರುಳಿನ ಮೊದಲ ಕೆಲವು ತಾಸು ಮಾತ್ರ ಉರಿಸುವುದು ಲೇಸು. ಹಣ್ಣು ಚುಚ್ಚುವ ಪತಂಗವಂತೂ ದೀಪಕ್ಕೆ ಅಷ್ಟಾಗಿ ಮರುಳಾಗದು. ಜಪಾನಿನ ತೋಟಗಾರರು ಹಳದಿ ದೀಪ ಉರಿಸಿ ಅದನ್ನು ದೂರವಿಡುತ್ತಾರೆ! ಅದನ್ನು ಸೆಳೆಯುವುದು ಹುಳಿಹಿಡಿದ ಹಣ್ಣಿನ ವಾಸನೆ, ಬೆಲ್ಲದ ನೀರು. ಕಬ್ಬಿನ ನಾಡಿನಲ್ಲಿ ಬೆಲ್ಲಕ್ಕೇನು ಬರ?

ಹೆಸರು ಹಿಡಿದು ಕರೆಯುವುದು ಇನ್ನೊಂದು ಕಂಪು. 1959ರಲ್ಲಿ ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿಯು ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಪತಂಗಗಳಿಂದ, ಗಂಡನ್ನು ಸೆಳೆಯುವ ಗಂಧವನ್ನು ಬೇರ್ಪಡಿಸಿದನು. ಅಂಥ ಗಂಧಗಳು ಈಗ ಪ್ರಯೋಗಶಾಲೆಯಲ್ಲಿ ತಯಾರಾಗುತ್ತವೆ. ತಂಬಾಕಿನ ಎಲೆಯನ್ನೂ ದ್ರಾಕ್ಷಿಯ ಎಲೆಯನ್ನೂ ಮೇಯುವ ಹುಳು ಒಂದೇ. ಅದರ ಹೆಣ್ಣಿನ ಕಂಪನ್ನು ರಬ್ಬರಿನ ತುಣುಕಿಗೆ ಊಡಿಸಿ ಲಾಳಿಕೆಯ ಬಲೆಗೆ ತೂಗಿಬಿಟ್ಟರೆ, ಆ ಜಾತಿಯ ಗಂಡುಗಳಷ್ಟೇ ಬಂದು ಬೀಳುತ್ತವೆ.

ಹಾಗೆಂದು ಬಲೆಯೊಂದೇ ತೋಟವನ್ನು ಕಾಯದು. ಅಳಿದುಳಿದ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ನೆರೆಯ ಹೊಲದಲ್ಲಿ ಕೂಡಿದ ಹೆಣ್ಣು ಇಲ್ಲಿಗೆ ಹಾರಿಬಂದು ಮೊಟ್ಟೆಯಿಡಬಲ್ಲದು. ಬಲೆ ಮುಖ್ಯವಾಗಿ ಸುದ್ದಿಗಾರ. ಮುಂಜಾನೆ ಅದರಲ್ಲಿ ಬಿದ್ದವನ್ನು ಎಣಿಸಿದ ರೈತನಿಗೆ, ಔಷಧ ಯಾವಾಗ ಬೇಕು, ಯಾವಾಗ ಬೇಡ ಎಂಬುದು ತಿಳಿಯುತ್ತದೆ. ಬೇಡವೆಂದು ತಿಳಿದ ದಿನ ಉಳಿಯುವುದು ಹಣ ಮಾತ್ರವಲ್ಲ; ಪೇಟೆಯ ಮನೆಯಲ್ಲಿ ಆ ಹಣ್ಣು ತಿನ್ನುವ ಮಗುವಿನ ಆರೋಗ್ಯವೂ ಉಳಿಯುತ್ತದೆ.

ಪತಂಗಕ್ಕೆ ಹೊಲದ ಗಡಿಯಿಲ್ಲ. ಒಬ್ಬನ ಬೇಲಿಯ ಬಳ್ಳಿ ಇನ್ನೊಬ್ಬನ ಹಣ್ಣಿಗೆ ಮುಳ್ಳಾಗುವುದರಿಂದ, ಬಲೆಯೂ ಊರಿನ ಬಲೆಯಾದಾಗಲೇ ಫಲ. ಹೊತ್ತು ಮುಳುಗಿ ಅಥಣಿಯ ಚಪ್ಪರಗಳ ಮೇಲೆ ಕತ್ತಲಿಳಿಯುವಾಗ, ನೆರೆಹೊರೆಯವರು ಕೂಡಿ ಯೋಚಿಸಬೇಕಾದ ಮಾತಿದು.