ತೆರೆಯ ಕೆಜಿಎಫ್, ಬೆವರಿನ ಕೆಜಿಎಫ್

ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 70 ಕಿ.ಮೀ. ರೈಲಿನಲ್ಲಿ ಸಾಗಿದರೆ ಬಂಗಾರಪೇಟೆ. ಬ್ರಿಟಿಷರ ಕಾಲದಲ್ಲಿ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು. ಇಲ್ಲಿಂದ ಕವಲೊಡೆದ ಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂ ಸೇರುತ್ತದೆ. 1894ರಲ್ಲಿ ಚಿನ್ನದ ಗಣಿಗಳಿಗೆಂದೇ ಹಾಕಿದ ಹಳಿ ಇದು. ಈಗ ಬೆಳಗಿನ ರೈಲುಗಳು ಬೆಂಗಳೂರಿಗೆ ದುಡಿಯಲು ಹೋಗುವವರಿಂದ ತುಂಬಿ ತುಳುಕುತ್ತವೆ. ಅವರಲ್ಲಿ ಎಷ್ಟೋ ಮಂದಿ ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಸಂಜೆ ಬಂಗಾರಪೇಟೆಯಲ್ಲಿ ಇಳಿದವರು ನೀರಿನಷ್ಟೇ ತಿಳಿಯಾಗಿ ಕಾಣುವ, ಖಾರ ಮಾತ್ರ ನೆತ್ತಿಗೇರುವ ಇಲ್ಲಿನ ಪಾನಿಪೂರಿಯ ರುಚಿ ನೋಡಲೇಬೇಕು.

ಕೆಜಿಎಫ್‌ಗೆ ಬರುವ ಹುಡುಗರು ಈಗ ಮೊದಲು ಕೇಳುವುದು, ‘ಸಿನಿಮಾ ತೆಗೆದ ಜಾಗ ಎಲ್ಲಿ?’ ಎಂದು. ಊರಿನ ಎಲ್ಲ ಕಡೆಯಿಂದಲೂ ಕಾಣುವ ಬೂದು ಬಣ್ಣದ ಸಯನೈಡ್ ದಿಬ್ಬಗಳೇ ಆ ಜಾಗ. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಹಲವು ದಶಕಗಳ ಕಾಲ ಪೇರಿಕೊಂಡು ಬೆಟ್ಟವಾಗಿದೆ. ಗಾಳಿ ಬೀಸಿದರೆ ಅದೇ ಧೂಳು ಸುತ್ತಲಿನ ಮನೆಗಳಿಗೆ ನುಗ್ಗುತ್ತದೆ. ಮಕ್ಕಳು ಅಲ್ಲಿ ಆಡಬಾರದು, ಅನುಮತಿಯಿಲ್ಲದೆ ಹತ್ತಲೂಬಾರದು.

ಆ ದಿಬ್ಬಗಳ ನಡುವೆ ನಟಿಸಿದ ಯಶ್ ಈ ಊರಿನವರಲ್ಲ. 1986ರಲ್ಲಿ ಹಾಸನ ಜಿಲ್ಲೆಯಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದವರು. ತಂದೆ ಸಾರಿಗೆ ಸಂಸ್ಥೆಯ ಬಸ್ ಚಾಲಕರು. ಪಿಯುಸಿ ಮುಗಿಸಿ, ಮುನ್ನೂರು ರೂಪಾಯಿ ಜೇಬಿನಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬಂದೊಡನೆ ನಾಯಕನಾಗಲಿಲ್ಲ. ಬಿ.ವಿ. ಕಾರಂತರು ಕಟ್ಟಿದ ‘ಬೆನಕ’ ತಂಡದಲ್ಲಿ ರಂಗದ ಹಿಂದಿನ ಕೆಲಸದಿಂದ ಆರಂಭಿಸಿ, ಧಾರಾವಾಹಿಗಳಲ್ಲಿ ನಟಿಸಿ, 2008ರ ‘ಮೊಗ್ಗಿನ ಮನಸು’ ಚಿತ್ರದಿಂದ ಗುರುತಾದರು. ‘ಕೆಜಿಎಫ್’ ತೆರೆಕಂಡದ್ದು 2018ರ ಡಿಸೆಂಬರ್‌ನಲ್ಲಿ. ಮಗ ಹೆಸರು ಮಾಡಿದ ಮೇಲೂ ತಂದೆ ಬಸ್ ಓಡಿಸುವುದನ್ನು ಬಿಡಲಿಲ್ಲವೆಂದು ಆಗ ತೆಲುಗು ನಿರ್ದೇಶಕ ರಾಜಮೌಳಿ ವೇದಿಕೆಯಲ್ಲೇ ಮೆಚ್ಚಿಕೊಂಡಿದ್ದರು.

ಚಿತ್ರದ ‘ನರಾಚಿ’ ಕಲ್ಪನೆಯದು. ನಿಜವಾದ ಗಣಿಗಳ ಕಥೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಗಣಿಗಾರಿಕೆ ಭರದಿಂದ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಹರಿಯಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು. ಅಷ್ಟು ಆಳದಲ್ಲಿ ಬಂಡೆಯನ್ನು ಬರಿಗೈಯಲ್ಲಿ ಮುಟ್ಟಲಾಗದಷ್ಟು ಬಿಸಿ. ಮೇಲಿನ ಭಾರಕ್ಕೆ ಬಂಡೆ ಸಿಡಿದು ಜೀವ ಕಳೆದುಕೊಂಡವರೂ ಉಂಟು. ಅಲ್ಲಿ ದುಡಿದವರು ಬಾಯಿಲ್ಲದ ಗುಲಾಮರಲ್ಲ. 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ ಸಾವಿರಾರು ಮಂದಿ ಮೂರು ವಾರ ಮುಷ್ಕರ ಹೂಡಿದ್ದರು.

ವಿಜ್ಞಾನದ ಮೇಷ್ಟ್ರಾದ ನನಗೆ ಈ ಊರಿನ ಮೇಲೆ ಇನ್ನೊಂದು ಅಭಿಮಾನ. ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ ಉಪಕರಣಗಳನ್ನಿಟ್ಟ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ವಿದೇಶಿ ಸಹೋದ್ಯೋಗಿಗಳೊಡನೆ ಸೇರಿ, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಇಲ್ಲಿ ಹಿಡಿದರು. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು.

ಮಗ ನಾಟಕ, ಸಿನಿಮಾ ಎಂದರೆ ಮನೆಯಲ್ಲಿ ಆತಂಕ ಸಹಜ; ಎಲ್ಲರೂ ಯಶ್ ಆಗುವುದಿಲ್ಲ. ತಾಯಿ ತಂದೆಯರು ಮಾಡಬಹುದಾದ್ದು ಒಂದಿದೆ: ಬೇಡವೆನ್ನುವ ಮೊದಲು, ನಾಯಕನ ಪಾತ್ರ ಸಿಗದಿದ್ದರೂ ಪರದೆಯ ಹಿಂದೆ ಕಸ ಗುಡಿಸಲು ಸಿದ್ಧನಿದ್ದಾನೆಯೇ ಎಂದು ನೋಡಿ. ಸಿದ್ಧನಿದ್ದರೆ ಅವನ ಆಸೆ ಬರೀ ಮೋಹವಲ್ಲ. ಕೆಲವು ಗ್ರಾಂ ಚಿನ್ನಕ್ಕಾಗಿ ಇಲ್ಲಿ ಒಂದು ಟನ್ ಕಲ್ಲನ್ನು ಅರೆಯುತ್ತಿದ್ದರು.

ವಿದ್ಯಾರ್ಥಿಗಳೇ, ಕೆಜಿಎಫ್‌ಗೆ ಬಂದಾಗ ದಿಬ್ಬವನ್ನು ದೂರದಿಂದ ನೋಡಿ, ಬೇಕಾದರೆ ಚಿತ್ರವನ್ನೂ ತೆಗೆದುಕೊಳ್ಳಿ. ಆಮೇಲೆ ಯಾರಾದರೂ ಹಳೆಯ ಗಣಿ ಕಾರ್ಮಿಕರು ಸಿಕ್ಕರೆ ಹತ್ತು ನಿಮಿಷ ಅವರ ಬಳಿ ಕುಳಿತು ಮಾತಾಡಿಸಿ. ಸಿನಿಮಾದಲ್ಲಿಲ್ಲದ ಕೆಜಿಎಫ್ ಅವರ ನೆನಪಿನಲ್ಲಿದೆ; ಆ ತಲೆಮಾರಿಗೆ ಈಗಾಗಲೇ ವಯಸ್ಸಾಗಿದೆ.