ಕೆಳಗಿನ ನಾಲ್ಕು ವಾಲ್ವು

ನಮ್ಮ ಜೀಪು 1972ರ ಮಹೀಂದ್ರಾ ಸಿಜೆ-3ಬಿ. ಮೂಡಿಗೆರೆ ಕಡೆಯ ತೋಟದವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಎತ್ತರದ ಬಾನೆಟ್ಟು, ಅದರ ಕೆಳಗೆ ಎರಡು ದುಂಡು ದೀಪ. ಕಾಫಿ ಮೂಟೆ ಹೇರಿದರೂ ಅಷ್ಟೇ, ಆಳುಗಳನ್ನು ತುಂಬಿದರೂ ಅಷ್ಟೇ, ಗೊಣಗುತ್ತಲೇ ಗುಡ್ಡ ಹತ್ತುತ್ತಿತ್ತು. ಹೋದ ವರ್ಷ ಅಪ್ಪ ಚಾರ್ಮಾಡಿ ಘಾಟಿ ಹತ್ತಿಸುವಾಗ ಮಿಸ್ಸಿಂಗ್ ಶುರುವಾಯಿತು. ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಗಾಡಿಯಲ್ಲಿ ಉಸಿರೇ ಇರಲಿಲ್ಲ.

"ನಾನೇ ಕೆಡಿಸಿದೆ. ಗೇರು ಇಳಿಸೋದು ತಡ ಮಾಡಿದೆ, ವಯಸ್ಸಾಯ್ತು ನೋಡು" ಎಂದು ಅಪ್ಪ ಬೀಗದ ಕೈಯನ್ನು ಮೊಳೆಗೆ ನೇತುಹಾಕಿದರು. ಆಮೇಲೆ ಅವರು ಯಾವ ಗಾಡಿಯನ್ನೂ ಓಡಿಸಲಿಲ್ಲ. ನಾನೂ ಅವರ ಮಾತನ್ನು ನಂಬಿದ್ದೆ.

ಸಿಲಿಂಡರ್ ಹೆಡ್ ಬಿಚ್ಚಿಸಿದಾಗ ಮೂರನೇ ಎಕ್ಸಾಸ್ಟ್ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಸುಟ್ಟುಹೋಗಿತ್ತು. ಅದನ್ನು ಪೇಪರಿನಲ್ಲಿ ಸುತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ಜೆ.ಸಿ. ರಸ್ತೆ ನನಗೆ ಅಲ್ಲಿಯತನಕ ರವೀಂದ್ರ ಕಲಾಕ್ಷೇತ್ರ ಇರುವ ರಸ್ತೆ ಮಾತ್ರ ಆಗಿತ್ತು. ಆ ದಿನ ನಾಟಕದ ಫಲಕಗಳನ್ನು ಬಿಟ್ಟು ಎದುರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಬೋರ್ಡು ಓದುತ್ತಾ ನಡೆದೆ.

ಎಲ್ಲ ಕೌಂಟರಿನಲ್ಲೂ ಮೊದಲ ಪ್ರಶ್ನೆ ಒಂದೇ: "ಸ್ಯಾಂಪಲ್ ತಂದಿದ್ದೀರಾ?" ಎರಡನೆಯದು: "ಪೆಟ್ರೋಲ್ ಎಂಜಿನ್ನಾ? ಇನ್ನೂ ಇಟ್ಕೊಂಡಿದ್ದೀರಾ?" ಇಂಥ ಎಷ್ಟೋ ಜೀಪುಗಳಿಗೆ ಯಾವತ್ತೋ ಡೀಸೆಲ್ ಎಂಜಿನ್ ಕೂರಿಸಿಯಾಗಿದೆ. ಒಬ್ಬರು ಕೊಟ್ಟ ವಾಲ್ವು ನೋಡಲು ಹಾಗೇ ಇತ್ತು, ಅಳತೆ ಹಿಡಿದರೆ ಕೂದಲೆಳೆಯಷ್ಟು ಉದ್ದ. ಕೊನೆಗೆ ಒಂದು ಅಂಗಡಿಯ ಹಿರಿಯರು ಸುಟ್ಟ ವಾಲ್ವನ್ನು ತಿರುಗಿಸಿ ನೋಡಿ, "ಹಳೇ ಸ್ಟಾಕ್ ಇರಬಹುದು. ಆದರೆ ಕಣ್ಣಳತೆಯಲ್ಲಿ ಹುಡುಕೋಕಾಗಲ್ಲ, ಪಾರ್ಟ್ ನಂಬರ್ ತನ್ನಿ" ಎಂದರು.

ಪಾರ್ಟ್ ನಂಬರು ಇರುವುದು ಪಾರ್ಟ್ಸ್ ಕ್ಯಾಟಲಾಗಿನಲ್ಲಿ. ಎಂಜಿನ್ನನ್ನು ಈರುಳ್ಳಿಯಂತೆ ಬಿಡಿಸಿಟ್ಟ ಚಿತ್ರಗಳು, ಒಂದೊಂದು ಬಿಡಿಭಾಗಕ್ಕೂ ಒಂದೊಂದು ಅಂಕಿ. ಸರ್ವಿಸ್ ಮ್ಯಾನ್ಯುಯಲ್ ಬೇರೆ ಪುಸ್ತಕ. ಯಾವ ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕು, ಯಾವ ಸಂದು ಎಷ್ಟಿರಬೇಕು ಎಂದು ಹೇಳುವುದು ಅದು. ಹಳೇ ಜೀಪುಗಳ ಹುಚ್ಚಿರುವ ಪರಿಚಯದವರೊಬ್ಬರು ಎರಡರ ಜೆರಾಕ್ಸನ್ನೂ ಕೊಟ್ಟರು. ನನಗೆ ಬೇಕಿದ್ದುದು ಮೊದಲನೆಯದು. ಬಸ್ಸಿನಲ್ಲಿ ಬೇಸರ ಕಳೆಯಲು ಎರಡನೆಯದನ್ನು ತೆರೆದೆ.

ಅಮೆರಿಕದ ವಿಲ್ಲಿಸ್ ಕಂಪನಿಯ ಹಳೆಯ ಜೀಪುಗಳಲ್ಲಿ ಎಲ್ಲ ವಾಲ್ವುಗಳೂ ಬ್ಲಾಕಿನಲ್ಲೇ ಇರುತ್ತಿದ್ದವು. ಹರಿಕೇನ್ ಎಂಬ ಎಂಜಿನ್ನಿನಲ್ಲಿ ಗಾಳಿ ಒಳಗೆಳೆಯುವ ಇನ್‌ಟೇಕ್ ವಾಲ್ವುಗಳನ್ನು ಮೇಲೆ ಹೆಡ್ಡಿಗೆ ಸಾಗಿಸಿ, ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವುಗಳನ್ನು ಕೆಳಗೇ ಬಿಟ್ಟರು. ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟೂ ಎತ್ತರವಾಯಿತು. 1953ರಲ್ಲಿ ಬಂದ ಸಿಜೆ-3ಬಿಯ ಆ ಮುಖದ ಗುಟ್ಟು ಇಷ್ಟೇ. ನಮ್ಮ ಜೀಪಿನಲ್ಲಿರುವುದೂ ಅದೇ ಎಂಜಿನ್. ಮುಂದಿನ ಸಾಲು: ಎಂಜಿನ್ ತಣ್ಣಗಿರುವಾಗ ಇನ್‌ಟೇಕಿಗೆ 0.018 ಇಂಚು, ಎಕ್ಸಾಸ್ಟಿಗೆ 0.016 ಇಂಚು ಸಂದು ಇಡಬೇಕು. ಎಕ್ಸಾಸ್ಟಿನದನ್ನು ಸರಿಮಾಡಲು ಬ್ಲಾಕಿನ ಪಕ್ಕದ ಮುಚ್ಚಳ ಬಿಚ್ಚಬೇಕು.

ಪಕ್ಕದ ಮುಚ್ಚಳ ಎಂದು ಓದಿದ್ದೇ ಬಸ್ಸಿನಲ್ಲಿ ಮೈ ಬೆವರಿತು.

ಘಾಟಿಯ ಘಟನೆಗೆ ಆರು ತಿಂಗಳ ಹಿಂದೆ ಟ್ಯಾಪೆಟ್ ಸೆಟ್ಟಿಂಗಿಗೆ ಜೀಪನ್ನು ಒಯ್ದಿದ್ದವನು ನಾನು. ಅಪ್ಪ "ಮೇಸ್ತ್ರಿ ಹತ್ರ ಬಿಡು" ಎಂದಿದ್ದರು. ಮೇಸ್ತ್ರಿ ಕೈ ನಿಧಾನ, ಎರಡು ದಿನ ಹಿಡಿಸುತ್ತಾರೆ. ನಾನು ಹೊಸ ಗ್ಯಾರೇಜಿಗೆ ಹೋದೆ. ಅಲ್ಲಿಯ ಹುಡುಗ ಮೇಲಿನ ಮುಚ್ಚಳ ತೆಗೆದು, ನಾಲ್ಕು ವಾಲ್ವು ಸೆಟ್ ಮಾಡಿ, ಅರ್ಧ ಗಂಟೆಯಲ್ಲಿ ಮುಚ್ಚಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನಾಲ್ಕು ಸಿಲಿಂಡರಿಗೆ ಎಂಟು ವಾಲ್ವು ಇರಬೇಕು ಎಂಬ ಲೆಕ್ಕ ನನಗೆ ಹೊಳೆಯಲಿಲ್ಲ. ಅಂಥ ಎಂಜಿನ್ನನ್ನೇ ನೋಡಿರದ ಆ ಹುಡುಗನನ್ನು ಏನೆಂದು ದೂರಲಿ? ಓಡಿದಂತೆಲ್ಲ ವಾಲ್ವು ತನ್ನ ಸೀಟಿನೊಳಕ್ಕೆ ಇಳಿಯುತ್ತದೆ, ಸಂದು ಕಿರಿದಾಗುತ್ತದೆ. ಪೂರ್ತಿ ಕೂರಲಾಗದ ವಾಲ್ವು ಬಿಸಿಯನ್ನು ಬ್ಲಾಕಿಗೆ ದಾಟಿಸಲಾರದೆ ಅಂಚಿನಲ್ಲಿ ಸುಡುತ್ತದೆ. ಘಾಟಿ ಒಂದು ನೆಪ. ಅದಕ್ಕೂ ಎಷ್ಟೋ ದಿನ ಮೊದಲೇ ಅದು ಸುಡತೊಡಗಿರಬೇಕು.

ನಂಬರು ಬರೆದುಕೊಂಡು ಮತ್ತೆ ಹೋದಾಗ ಆ ಹಿರಿಯರು ಅಟ್ಟದಿಂದ ಎಣ್ಣೆ ಹೀರಿದ ಕಂದು ಕಾಗದದ ಪೊಟ್ಟಣ ಇಳಿಸಿದರು. ಕಾಗದದ ಮೇಲೆ ಅದೇ ಅಂಕಿಗಳು. ವರ್ನಿಯರಿನಲ್ಲಿ ಅಳೆದೆವು, ಸರಿಹೋಯಿತು.

ಕೂರಿಸಲು ಮೇಸ್ತ್ರಿಯನ್ನೇ ಕರೆತಂದೆ. ಅವರಿಗೀಗ ಕಣ್ಣು ಮಂಜು. ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಪೇಸ್ಟ್ ಹಚ್ಚಿ ವಾಲ್ವನ್ನು ಸೀಟಿಗೆ ಉಜ್ಜಿದ್ದಾಯಿತು. ಸಂದು ನೋಡುವ ಹೊತ್ತಿಗೆ ಅವರು ಜೇಬಿನಿಂದ ಹಳೆಯ ವಿಸಿಟಿಂಗ್ ಕಾರ್ಡೊಂದನ್ನು ತೆಗೆದು, "ಕೆಳಗಿನದಕ್ಕೆ ಇದು. ಬಿಗಿಯಾಗಿ ಹೋಗಬೇಕು" ಎಂದರು. ಕಾರ್ಡಿನ ದಪ್ಪ ಅಳೆದೆ. ಹೆಚ್ಚುಕಡಿಮೆ 0.016 ಇಂಚು.

"ಪುಸ್ತಕದಲ್ಲೂ ಹಂಗೇ ಅದಾ?" ಎಂದು ಕೇಳಿದರು. ಹೌದೆಂದೆ. ಆದರೂ ಫೀಲರ್ ಗೇಜಿನಲ್ಲಿ ಇನ್ನೊಮ್ಮೆ ನೋಡಿಸಿದರು.

ಆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. "ಅಪ್ಪ, ಘಾಟಿಯಲ್ಲಿ ನಿಮ್ಮ ತಪ್ಪಿರಲಿಲ್ಲ. ನಾನು ಬೇರೆ ಕಡೆ ಮಾಡಿಸಿದ್ದೆ. ಕೆಳಗಿನ ನಾಲ್ಕು ಯಾರೂ ನೋಡಿರಲಿಲ್ಲ." ಅಪ್ಪ ಮಜ್ಜಿಗೆ ಕಲಸುತ್ತಾ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಮೇಸ್ತ್ರಿಗೆ ದುಡ್ಡು ಕೊಟ್ಟೆಯಾ?" ಎಂದರು.

ಜೀಪು ಈಗ ಓಡುತ್ತಿದೆ. ಅಪ್ಪ ಓಡಿಸುತ್ತಿಲ್ಲ. ಒಂದು ವರ್ಷದಲ್ಲಿ ಬಿಟ್ಟುಹೋದ ಧೈರ್ಯಕ್ಕೆ ಯಾವ ಕ್ಯಾಟಲಾಗಿನಲ್ಲೂ ನಂಬರಿಲ್ಲ. ಎಡಗಡೆ ಕೂತು, ಕಿವಿಯನ್ನು ಎಂಜಿನ್ನಿಗೆ ಕೊಟ್ಟು ಬರುತ್ತಾರೆ. ನಾನು ಬಾನೆಟ್ ಮುಚ್ಚುವಾಗಲೆಲ್ಲ ಜಗಲಿಯಿಂದ ಅವರದೊಂದು ಪ್ರಶ್ನೆ ಇದ್ದೇ ಇರುತ್ತದೆ: "ಎಂಟೂ ನೋಡಿದೆಯೇನೋ?"